ಕಾಶಿಯ ನ್ಯಾಯಕ್ಕೆ ಕಲ್ಯಾಣದ ಗ್ರಂಥ: ವಿಜ್ಞಾನೇಶ್ವರ

ಕಾಶೀಕ್ಷೇತ್ರದ ಮನೆಯೊಂದರಲ್ಲಿ ಅಣ್ಣತಮ್ಮಂದಿರು ಪಾಲಿಗಾಗಿ ಕೋರ್ಟು ಹತ್ತಿದರೆ, ಕನ್ನಡನಾಡಿನಲ್ಲಿ ಬಾಳಿದ ಸಂನ್ಯಾಸಿಯೊಬ್ಬನ ಗ್ರಂಥವನ್ನು ನೋಡಿ ತೀರ್ಪು ಕೊಡುತ್ತಿದ್ದರೆಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿಯದು. ಆ ಗ್ರಂಥ ಮಿತಾಕ್ಷರ. ಅದರ ಕರ್ತೃ ವಿಜ್ಞಾನೇಶ್ವರ.

ಈತನು ಭಾರದ್ವಾಜ ಗೋತ್ರದ ಪದ್ಮನಾಭ ಭಟ್ಟನ ಮಗ. ಉತ್ತಮನೆಂಬ ಗುರುವಿನ ಶಿಷ್ಯ. ಕಲಬುರಗಿ ಜಿಲ್ಲೆಯ ಮರತೂರು ಈತನ ಊರೆಂದು ಹೇಳುವರು. ಚಾಳುಕ್ಯ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಕಲ್ಯಾಣದಿಂದ ಆಳಿದನು. ಇಂದಿನ ಬಸವಕಲ್ಯಾಣವೇ ಅದು. ಕಾಶ್ಮೀರದ ಕವಿ ಬಿಲ್ಹಣನು ಕಾಶಿಯನ್ನು ಹಾಯ್ದು ಬಂದು ಆಶ್ರಯ ಪಡೆದ ಆಸ್ಥಾನವದು. ಅಲ್ಲಿಯೇ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ತನ್ನ ವ್ಯಾಖ್ಯಾನವನ್ನು ಬರೆದನು. ಮನೆಮಠಗಳನ್ನು ತೊರೆದ ಪರಿವ್ರಾಜಕನು ಮನೆಯ ಪಾಲುಪಟ್ಟಿಯನ್ನು ಇಷ್ಟು ಸೂಕ್ಷ್ಮವಾಗಿ ವಿಚಾರಿಸಿದ್ದು ಸೋಜಿಗವೇ ಸರಿ!

ಹಿರಿಯರ ಆಸ್ತಿಯಲ್ಲಿ ಮಗನಿಗೆ ಹಕ್ಕು ಬರುವುದು ತಂದೆಯ ಮರಣದಿಂದಲ್ಲ, ಮಗನ ಜನನದಿಂದ ಎಂಬುದು ಆತನ ಮೂಲಸಿದ್ಧಾಂತ. ಬಂಗಾಳದ ಜೀಮೂತವಾಹನನು ಇದನ್ನು ಒಪ್ಪಲಿಲ್ಲ. ಆದುದರಿಂದ ಬಂಗಾಳವು ಬೇರೆಯಾಗಿ ಉಳಿಯಿತು. ನಮ್ಮ ತುಳುನಾಡಿನ ಅಳಿಯಸಂತಾನದ ಕುಟುಂಬಗಳಿಗೂ ಈ ಕಟ್ಟು ಅನ್ವಯಿಸುತ್ತಿರಲಿಲ್ಲ. ಅಲ್ಲಿ ಆಸ್ತಿಯು ತಾಯಿಯ ಸಂತತಿಯಲ್ಲಿ ನಡೆಯುತ್ತಿತ್ತು.

ಪರಸ್ಥಳದಲ್ಲಿ ದುಡಿಯುವವರಿಗೆ ಸಂಬಂಧಿಸಿದ ಮಾತೂ ಅಲ್ಲಿದೆ. ಪಿತ್ರಾರ್ಜಿತವನ್ನು ವ್ಯಯಮಾಡದೆ ಸ್ವಂತ ದುಡಿಮೆಯಿಂದ ಗಳಿಸಿದುದನ್ನು ಅಣ್ಣತಮ್ಮಂದಿರಿಗೆ ಹಂಚಬೇಕಾಗಿಲ್ಲ. ಆದರೆ ಮನೆಯ ಹಣದಿಂದ ಓದಿದವನ ಸಂಬಳವೇನಾಗಬೇಕು? ಹಾಗೆ ಓದಿ ಸಿವಿಲ್ ಸರ್ವಿಸು ಸೇರಿದ ಒಬ್ಬರ ಸಂಪಾದನೆಯು ಕುಟುಂಬದ್ದೇ ಎಂದು 1921ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ತೀರ್ಮಾನಿಸಿತು. ವಿದ್ಯೆಯ ಗಳಿಕೆಯನ್ನು ಗಳಿಸಿದವನಿಗೇ ಬಿಡಲು 1930ರಲ್ಲಿ ಕಾಯಿದೆಯೊಂದು ಬರಬೇಕಾಯಿತು. ಗುಮಾಸ್ತರು ಈ ಇಸವಿಯನ್ನು ನೆನಪಿನಲ್ಲಿಡತಕ್ಕದ್ದು.

ಸ್ತ್ರೀಯರ ವಿಷಯದಲ್ಲಿ ವಿಜ್ಞಾನೇಶ್ವರನ ಮನಸ್ಸು ದೊಡ್ಡದು. ತವರಿನ ಉಡುಗೊರೆ ಮಾತ್ರವಲ್ಲದೆ, ವಾರಸಿನಿಂದಲೂ ಕ್ರಯದಿಂದಲೂ ಪಾಲಿನಿಂದಲೂ ಬಂದುದೆಲ್ಲ ಸ್ತ್ರೀಧನವೆಂದು ಆತನು ವಾದಿಸಿದನು. ಪಾಲಾಗಿ ಬೇರೆಯಾದವನು ಪುತ್ರರಿಲ್ಲದೆ ತೀರಿಕೊಂಡರೆ ಆಸ್ತಿಯು ವಿಧವೆಗೆ ಸಲ್ಲಬೇಕೆಂದನು.

ಗ್ರಂಥವು ಬಿಲ್ಹಣನ ದಾರಿಯನ್ನೇ ಹಿಂದಕ್ಕೆ ಹಿಡಿದಂತೆ ಉತ್ತರಕ್ಕೆ ನಡೆಯಿತು. ಕಾಶಿಯ ಪಂಡಿತರಿಗೆ ಅದೇ ಪ್ರಮಾಣವಾಯಿತು. ಹದಿನೆಂಟನೆಯ ಶತಮಾನದಲ್ಲಿ ಕಾಶಿಯ ಪಾಯಗುಂಡೆ ಮನೆತನದಲ್ಲಿ ಇದಕ್ಕೆ ಬಾಲಂಭಟ್ಟಿ ಎಂಬ ಟೀಕೆ ಹುಟ್ಟಿತು. ಲಕ್ಷ್ಮೀದೇವಿಯ ಹೆಸರನ್ನು ಹೊತ್ತ ಆ ಟೀಕೆಯು ಸ್ತ್ರೀಯರ ಹಕ್ಕನ್ನು ಇನ್ನಷ್ಟು ಎತ್ತಿಹಿಡಿಯಿತು. ಹಿಂದೂಗಳ ವಿವಾಹ, ದಾಯಭಾಗಗಳನ್ನು ಶಾಸ್ತ್ರದಂತೆಯೇ ನಿರ್ಣಯಿಸಬೇಕೆಂದು 1772ರಲ್ಲಿ ವಾರನ್ ಹೇಸ್ಟಿಂಗ್ಸನು ಗೊತ್ತುಮಾಡಿದ ಮೇಲೆ ಕೋರ್ಟುಗಳಿಗೆ ಪಂಡಿತರು ಬೇಕಾದರು. 1791ರಲ್ಲಿ ಜೊನಾಥನ್ ಡಂಕನ್ನನು ಕಾಶಿಯಲ್ಲಿ ಸಂಸ್ಕೃತ ಕಾಲೇಜನ್ನು ತೆರೆದ ಉದ್ದೇಶಗಳಲ್ಲಿ ಇದೂ ಒಂದು. ಮಿತಾಕ್ಷರದ ದಾಯವಿಭಾಗವನ್ನು ಕೋಲ್‌ಬ್ರೂಕನು 1810ರಲ್ಲಿ ಇಂಗ್ಲಿಷಿಗೆ ತಂದನು. ಅಲ್ಲಿಂದ ಮುಂದೆ ಸಂಸ್ಕೃತವರಿಯದ ವಕೀಲರೂ ವಿಜ್ಞಾನೇಶ್ವರನ ಹೆಸರಿನಲ್ಲಿ ವಾದಿಸಿದರು.

ಆದರೆ ಆ ದೊಡ್ಡ ಮನಸ್ಸು ನ್ಯಾಯಾಧೀಶರಿಗೆ ಬರಲಿಲ್ಲ. ವಿಧವೆಗೆ ಗಂಡನಿಂದ ಬಂದ ಆಸ್ತಿಯು ಸ್ತ್ರೀಧನವಲ್ಲ, ಆಕೆಯ ಹಕ್ಕು ಪರಿಮಿತವೆಂದು ಪ್ರಿವಿ ಕೌನ್ಸಿಲ್ 1867ರಲ್ಲಿ ಹೇಳಿತು. ಕಲ್ಯಾಣದಲ್ಲಿ ಎಂಟು ಶತಮಾನಗಳ ಹಿಂದೆ ಕೊಟ್ಟುದನ್ನು ಲಂಡನ್ನಿನಲ್ಲಿ ಕಸಿದುಕೊಂಡಂತಾಯಿತು. 1956ರ ಉತ್ತರಾಧಿಕಾರ ಕಾಯಿದೆಯು ಸ್ತ್ರೀಯನ್ನು ತನ್ನ ಆಸ್ತಿಗೆ ಪೂರ್ಣ ಒಡತಿಯನ್ನಾಗಿ ಮಾಡುವವರೆಗೂ ಅದೇ ನಡೆಯಿತು.

ಹುಟ್ಟಿನ ಹಕ್ಕನ್ನಾದರೋ ವಿಜ್ಞಾನೇಶ್ವರನು ಮಗಳಿಗೆ ಕೊಟ್ಟಿರಲಿಲ್ಲ. ಮದುವೆಯಾಗದ ತಂಗಿಗೆ ಕಾಲುಭಾಗವನ್ನಷ್ಟೇ ಹೇಳಿದ್ದನು. ಕರ್ನಾಟಕವು ಆ ಹಕ್ಕನ್ನು 1994ರಲ್ಲಿ ಕೊಟ್ಟಿತು, ದೇಶದ ಕಾಯಿದೆಯು 2005ರಲ್ಲಿ. ಆ ತಿದ್ದುಪಡಿಯ ದಿನ ತಂದೆಯು ಬದುಕಿರಬೇಕೇ ಎಂಬ ತಕರಾರು ಎದ್ದಾಗ, ಹಕ್ಕು ಜನನದಿಂದಲೇ ಬರುವುದರಿಂದ ಬದುಕಿರಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ತೀರ್ಪಿತ್ತಿತು.