ಕನ್ನಡದ ಮೊದಲ ಪತ್ರಿಕೆ ಬಳ್ಳಾರಿಗೆ ಬಂದಿತ್ತು: ಮೊಗ್ಲಿಂಗ್ ಪಾದ್ರಿಯ ಬದುಕು, ನಮ್ಮ ನೆಲದ ನಂಟು

ಹೊಸಪೇಟೆ: ಜುಲೈ 1 ಬಂತಂದ್ರೆ ರಾಜ್ಯದಲ್ಲೆಲ್ಲ ಪತ್ರಿಕಾ ದಿನಾಚರಣೆ. 1843ರ ಆ ದಿನ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಬಂತು, ಅದನ್ನು ತಂದವರು ಜರ್ಮನ್ ಪಾದ್ರಿ ಹರ್ಮನ್ ಮೊಗ್ಲಿಂಗ್. ಇಷ್ಟು ಶಾಲೆ ಮಕ್ಕಳಿಗೂ ಗೊತ್ತು. ಆದರೆ ಅದೇ ಪತ್ರಿಕೆ ವರ್ಷ ತುಂಬುವ ಮೊದಲೇ ಕರಾವಳಿ ಬಿಟ್ಟು ನಮ್ಮ ಬಳ್ಳಾರಿಗೆ ಬಂತು, ಇಲ್ಲೇ ಅಚ್ಚಾಯ್ತು ಅನ್ನೋದು ನಮ್ಮ ಕಡೆಯವರಿಗೇ ಅಷ್ಟಾಗಿ ಗೊತ್ತಿಲ್ಲ.

ಆಗ ಹೊಸಪೇಟೆ, ಹಂಪಿ, ಕಂಪ್ಲಿ ಎಲ್ಲ ಮದರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಸಂಡೂರು ಮಾತ್ರ ಘೋರ್ಪಡೆ ಮನೆತನದ ಸಂಸ್ಥಾನ. ಮಂಗಳೂರು ಕೂಡ ಮದರಾಸಿನ ಕೈಕೆಳಗೇ ಇತ್ತು. ರೈಲು ಇಲ್ಲ, ತಂತಿ ಇಲ್ಲ. ಕಾಗದಪತ್ರ ಹೋಗುತ್ತಿದ್ದದ್ದು ಟಪಾಲಿನವರ ಕಾಲ್ನಡಿಗೆಯಲ್ಲೇ.

ಬಂದದ್ದು ಧರ್ಮ ಪ್ರಚಾರಕ್ಕೆ

ಮೊಗ್ಲಿಂಗ್ ಹುಟ್ಟಿದ್ದು 1811ರ ಮೇ 29ರಂದು, ದಕ್ಷಿಣ ಜರ್ಮನಿಯ ಬ್ರಾಕನ್‌ಹೈಮ್ ಎಂಬ ಸಣ್ಣ ಊರಲ್ಲಿ. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಕ್ರೈಸ್ತ ಧರ್ಮಶಾಸ್ತ್ರ ಓದಿದರು. ಊರಲ್ಲೇ ಒಂದು ಚರ್ಚು ಹಿಡಿದು ಆರಾಮಾಗಿ ಇರಬಹುದಿತ್ತು. ಅದನ್ನು ಬಿಟ್ಟು ಬಾಸೆಲ್ ಮಿಷನ್ ಸೇರಿ 1836ರಲ್ಲಿ ಹಡಗು ಹತ್ತಿ ಮಂಗಳೂರಿಗೆ ಬಂದರು. ಆಗ ಅವರಿಗೆ 25 ವರ್ಷ.

ಬಂದ ಉದ್ದೇಶ ಒಂದೇ, ಇಲ್ಲಿಯ ಜನರನ್ನು ಕ್ರೈಸ್ತ ಧರ್ಮಕ್ಕೆ ತರಬೇಕು. ಇದನ್ನು ಮುಚ್ಚಿಟ್ಟು ಅವರ ಕಥೆ ಹೇಳಿದರೆ ಅರ್ಧ ಸುಳ್ಳಾಗುತ್ತದೆ. 1844ರ ಜನವರಿಯಲ್ಲಿ ಮಂಗಳೂರಿನ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ತರುಣ, ಜೊತೆಗೆ ಇನ್ನಿಬ್ಬರು, ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ದೊಡ್ಡ ಗಲಾಟೆಯೇ ಆಯಿತು. ಒಂದು ಕಡೆ ಮನೆಯವರ ಸಂಕಟ, ಇನ್ನೊಂದು ಕಡೆ ಪಾದ್ರಿಯ ನಂಬಿಕೆ. ಮುಂದೆ ಕೌಂಡಿನ್ಯ ಬಾಸೆಲ್‌ಗೆ ಹೋಗಿ ಓದಿ, ತಾವೂ ಪಾದ್ರಿಯಾಗಿ ವಾಪಸ್ ಬಂದರು.

ಆದರೆ ಜನರ ಹತ್ತಿರ ಮಾತಾಡಬೇಕಾದ್ರೆ ಅವರ ಮಾತು ಬರಬೇಕಲ್ಲ. ಮೊಗ್ಲಿಂಗ್ ಕನ್ನಡ ಕಲಿತರು. ವ್ಯಾಕರಣದ ಕನ್ನಡ ಅಷ್ಟೇ ಅಲ್ಲ, ಗಾದೆ, ದಾಸರ ಪದ, ಪುರಾಣದ ಕನ್ನಡ ಕೂಡ. ಪ್ರಚಾರಕ್ಕೆ ಅಂತ ಹಿಡಿದ ಭಾಷೆ ನಿಧಾನಕ್ಕೆ ಅವರನ್ನೇ ಹಿಡಿದುಕೊಂಡಿತು.

ಒಂದು ದುಡ್ಡಿನ ಪತ್ರಿಕೆ

ಪತ್ರಿಕೆ ಯಾಕೆ ಬೇಕು ಅನ್ನೋದಕ್ಕೆ ಮೊಗ್ಲಿಂಗ್ ಕೊಟ್ಟ ಕಾರಣ ಇವತ್ತಿನ ವ್ಯಾಪಾರಸ್ಥರಿಗೂ ಅರ್ಥ ಆಗುವಂಥದ್ದು. ಸರ್ಕಾರ ಏನು ಮಾಡ್ತಿದೆ, ಹೊಸ ಕಾನೂನು ಯಾವುದು ಅಂತ ತಿಳಿಯಲು ಜನರಿಗೆ ದಾರಿ ಇರಲಿಲ್ಲ. ಕೆಲಸ ಇಲ್ಲದವರು ಕಚೇರಿ ಮುಂದೆ ಹೋಗಿ ಕೂತು, ಕಿವಿಗೆ ಬಿದ್ದದ್ದನ್ನು ಊರ ತುಂಬ ಹಬ್ಬಿಸುತ್ತಿದ್ದರು. ಸಂಜೆ ಹಬ್ಬಿದ ಮಾತು ಬೆಳಗಾಗೋದ್ರೊಳಗೆ ಸುಳ್ಳಾಗುತ್ತಿತ್ತು. ಇವತ್ತು ಕಚೇರಿ ಕಟ್ಟೆ ಹೋಗಿ ವಾಟ್ಸಾಪ್ ಗುಂಪು ಬಂದಿದೆ, ಅಷ್ಟೇ ಫರಕು.

ಹದಿನೈದು ದಿನಕ್ಕೊಮ್ಮೆ, ನಾಲ್ಕು ಪುಟ, ಬೆಲೆ ಒಂದು ದುಡ್ಡು. ಊರ ವರ್ತಮಾನ, ಸರ್ಕಾರದ ನಿರೂಪ, ಬೇರೆ ರಾಜ್ಯಗಳ ಸುದ್ದಿ, ಬುದ್ಧಿಮಾತು, ಕಥೆ, ಹಾಡು ಎಲ್ಲಕ್ಕೂ ಜಾಗ ಇತ್ತು. ಧರ್ಮದ ಮಾತೂ ಇತ್ತು. ಆದರೆ ಅದೊಂದೇ ಆಗಿದ್ದರೆ ಅದು ಮಿಷನ್ನಿನ ಕರಪತ್ರ ಆಗಿರುತ್ತಿತ್ತು, ಪತ್ರಿಕೆ ಆಗುತ್ತಿರಲಿಲ್ಲ.

ಕಲ್ಲಿನಿಂದ ಮೊಳೆಗೆ: ಬಳ್ಳಾರಿಯ ಪಾತ್ರ

ಮಂಗಳೂರಿನಲ್ಲಿದ್ದದ್ದು ಕಲ್ಲಚ್ಚು. ಒಂದೊಂದು ಪುಟವನ್ನೂ ಕೈಯಲ್ಲಿ ಬರೆದು, ನಯವಾದ ಕಲ್ಲಿನ ಮೇಲೆ ಇಳಿಸಿ, ಮಸಿ ಹಚ್ಚಿ ಕಾಗದ ಒತ್ತಬೇಕು. ಒಂದು ತಪ್ಪು ತಿದ್ದಬೇಕಂದ್ರೂ ರಗಳೆ. ಪ್ರತಿ ಸಂಚಿಕೆಗೂ ಮತ್ತೆ ಮೊದಲಿಂದ ಬರೆಯಬೇಕು. ಮೊಳೆ ಅಚ್ಚು ಹಾಗಲ್ಲ. ಒಂದೊಂದು ಅಕ್ಷರದ ಮೊಳೆ ಜೋಡಿಸಿ ಪುಟ ಕಟ್ಟೋದು, ತಪ್ಪಾದ ಮೊಳೆ ತೆಗೆದು ಬೇರೆ ಹಾಕೋದು, ಕೆಲಸ ಮುಗಿದ ಮೇಲೆ ಬಿಚ್ಚಿ ಮತ್ತೆ ಬಳಸೋದು.

ಆ ಮೊಳೆ ಬಳ್ಳಾರಿಯಲ್ಲಿತ್ತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲೇ ಬಳ್ಳಾರಿಗೆ ಬಂದು ನೆಲೆಸಿ, ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದಿದ್ದರು. ಅದೇ ಮಿಷನ್ನಿನ ವಿಲಿಯಂ ರೀವ್ ಬಳ್ಳಾರಿಯಲ್ಲಿದ್ದು ಕನ್ನಡ ಪದಗಳನ್ನು ಕೂಡಿಸಿದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಅಚ್ಚಾಯಿತು. ಎಲ್ಲರಿಗೂ ಗೊತ್ತಿರುವ ಕಿಟೆಲ್ ನಿಘಂಟು ಬಂದದ್ದು 1894ರಲ್ಲಿ, ಅಂದ್ರೆ 62 ವರ್ಷ ಆದ ಮೇಲೆ. ಬಳ್ಳಾರಿಯವರಿಗೆ ಪರಿಚಯವಿರುವ ವಾರ್ಡ್ಲಾ ಶಾಲೆಯೂ ಇದೇ ಲಂಡನ್ ಮಿಷನ್ನಿನದು.

1844ರ ಫೆಬ್ರುವರಿ 15ರ ಸಂಚಿಕೆಯೊಂದಿಗೆ ಮಂಗಳೂರ ಸಮಾಚಾರ ನಿಂತಿತು. ಆ ಹೊತ್ತಿಗೆ 16 ಸಂಚಿಕೆ ಬಂದಿದ್ದವು. ಮಾರ್ಚ್ 1ರಿಂದ ಬಳ್ಳಾರಿಯ ಮಿಷನ್ ಪ್ರೆಸ್ಸಿನಲ್ಲಿ ಮೊಳೆ ಅಚ್ಚಿನಲ್ಲಿ ಹೊರಡತೊಡಗಿತು. ಹೆಸರು ಕನ್ನಡ ಸಮಾಚಾರ ಅಂತಾಯಿತು. ಒಂದು ಊರಿನ ಹೆಸರು ಹೋಗಿ ಇಡೀ ಭಾಷೆಯ ಹೆಸರು ಬಂದದ್ದು ನಮ್ಮ ಜಿಲ್ಲೆಯಲ್ಲಿ. ಪತ್ರಿಕೆ ಬಹುಕಾಲ ಬಾಳಲಿಲ್ಲ ನಿಜ. ಆದರೆ ಒಂದು ಭಾಷೆ ಆಡುವವರೆಲ್ಲ ಒಂದೇ ಕಾಗದ ಓದಬಹುದು ಅನ್ನುವ ಯೋಚನೆ ಆ ಹೆಸರಿನಲ್ಲಿತ್ತು.

ಹಂಪಿಯ ಹಾಡು ಕಾಗದಕ್ಕೆ

ಪತ್ರಿಕೆ ನಿಂತರೂ ಮೊಗ್ಲಿಂಗ್ ನಿಲ್ಲಲಿಲ್ಲ. 1848ರಿಂದ ಮುಂದಿನ ಕೆಲ ವರ್ಷ ಬಿಬ್ಲಿಯಾಥಿಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ಹಳೆಯ ಕನ್ನಡ ಕಾವ್ಯಗಳನ್ನು ಮಂಗಳೂರಿನ ಕಲ್ಲಚ್ಚಿನಲ್ಲಿ ತಂದರು. ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳು ಹೀಗೆ ಬೆಳಕಿಗೆ ಬಂದವು. ಜೊತೆಗಿದ್ದವರು ಗೆಳೆಯ ವೈಗ್ಲೆ ಪಾದ್ರಿ. ಖರ್ಚಿಗೆ ಕೈ ಕೊಟ್ಟವರು ಕಂಪನಿ ಸರ್ಕಾರದ ಅಧಿಕಾರಿಯಾಗಿದ್ದ ಕ್ಯಾಸಮೇಜರ್.

ಅಲ್ಲಿವರೆಗೆ ಈ ಕಾವ್ಯಗಳು ಇದ್ದದ್ದು ತಾಳೆಗರಿಯಲ್ಲಿ. ಯಾವುದೋ ಮಠದ ಗಂಟಿನಲ್ಲಿ, ಯಾರದೋ ಮನೆಯ ಅಟ್ಟದಲ್ಲಿ. ಹುಳ ತಿಂದರೆ ಮುಗಿಯಿತು.

ಇಲ್ಲಿ ನಮ್ಮ ನೆಲದ ನಂಟು ಮತ್ತೆ ಬರುತ್ತದೆ. ಭೀಮಕವಿ ಬಸವಪುರಾಣ ಬರೆದದ್ದು 1369ರಲ್ಲಿ, ವಿಜಯನಗರದಲ್ಲಿ ಬುಕ್ಕರಾಯ ಆಳುತ್ತಿದ್ದ ಕಾಲ. ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣ 1584ರದ್ದು, ಹಂಪಿ ಹಾಳಾಗಿ ಇಪ್ಪತ್ತು ವರ್ಷದ ಸುಮಾರಿಗೆ. ಇನ್ನು ದಾಸರ ಪದ ಅಂದ್ರೆ ಪುರಂದರದಾಸರು. ವ್ಯಾಪಾರದ ಗಂಟು, ಸಾಲದ ಲೆಕ್ಕ ಎಲ್ಲ ಬಿಟ್ಟು ತಂಬೂರಿ ಹಿಡಿದವರು ಅಂತ ಜನ ಅವರ ಕಥೆ ಹೇಳುತ್ತಾರೆ. ವಿಠ್ಠಲ ದೇವಸ್ಥಾನದ ಹತ್ತಿರ ತುಂಗಭದ್ರೆಯ ದಡದಲ್ಲಿ ಅವರ ಹೆಸರಿನ ಮಂಟಪ ಇವತ್ತಿಗೂ ಇದೆ. ಹೊಳೆ ದಂಡೆಯ ಆ ಹಾಡು 1850ರಲ್ಲಿ ಪುಸ್ತಕ ಆಯಿತು. ಅದನ್ನು ಮಾಡಿದ್ದು, ವಿಠ್ಠಲನನ್ನು ದೇವರೆಂದು ಒಪ್ಪದ ಒಬ್ಬ ಪಾದ್ರಿ.

ಇದು ವಿಚಿತ್ರ ಅನ್ನಿಸಬಹುದು. ಎದುರಿನವರ ನಂಬಿಕೆ ಬದಲಿಸಬೇಕಾದ್ರೆ ಮೊದಲು ಅದನ್ನು ಸರಿಯಾಗಿ ಓದಬೇಕು ಅನ್ನೋದು ಮಿಷನ್ನಿನವರ ಲೆಕ್ಕ. ಹಾಗೆ ಓದುತ್ತ ಹೋದವರು ಒಳ್ಳೆಯ ಪಾಠ ಸಿಗಲಿ ಅಂತ ಪ್ರತಿ ಹುಡುಕಿದರು, ಹೋಲಿಸಿದರು, ಅಚ್ಚು ಹಾಕಿದರು. ಅವರ ಪ್ರಚಾರವನ್ನು ಒಪ್ಪದವರ ಮನೆಗೂ ಆ ಪುಸ್ತಕಗಳು ಹೋದವು. ಮಿಷನ್ ಹಾಕಿದ ಲೆಕ್ಕಕ್ಕಿಂತ ಬೇರೆಯದೇ ಲಾಭ ಕನ್ನಡಕ್ಕಾಯಿತು.

ಕೊನೆಯ ವರ್ಷಗಳು

1850ರ ದಶಕದಲ್ಲಿ ಮೊಗ್ಲಿಂಗ್ ಕೊಡಗಿಗೆ ಹೋದರು. ಅಲ್ಲಿನ ಜನಜೀವನದ ಮೇಲೆ ಬರೆದ ಪುಸ್ತಕ 1855ರಲ್ಲಿ ಬಂತು. ಅದೇ ವರ್ಷ ವೈಗ್ಲೆ ತೀರಿಕೊಂಡರು. ಅವರ ವಿಧವೆ ಪಾಲಿನಾ ಅವರನ್ನು ಮೊಗ್ಲಿಂಗ್ ಮುಂದೆ ಮದುವೆಯಾದರು. 1858ರಲ್ಲಿ ತಾವು ಓದಿದ ಟ್ಯೂಬಿಂಗನ್ ವಿಶ್ವವಿದ್ಯಾಲಯವೇ ಕನ್ನಡದ ಕೆಲಸಕ್ಕಾಗಿ ಅವರಿಗೆ ಡಾಕ್ಟರೇಟ್ ಕೊಟ್ಟಿತು. 1860ರಲ್ಲಿ ಹೆಂಡತಿಯ ಆರೋಗ್ಯ ಕೆಟ್ಟು ಊರಿಗೆ ಮರಳಿದರು, ಮತ್ತೆ ಕನ್ನಡ ನಾಡಿಗೆ ಬರಲಿಲ್ಲ. 1881ರ ಮೇ 10ರಂದು ಎಸ್‌ಲಿಂಗನ್ ಪಟ್ಟಣದಲ್ಲಿ ತೀರಿಕೊಂಡರು. 70 ತುಂಬಲು ಇನ್ನು ಕೆಲವೇ ದಿನ ಬಾಕಿ ಇತ್ತು.

ಇವತ್ತು ಹೊಸಪೇಟೆ ವಿಜಯನಗರ ಜಿಲ್ಲೆಯಲ್ಲಿದೆ, ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದಿವೆ. ಜಿಲ್ಲೆ ಎರಡಾದರೂ ಈ ಹಳೆಯ ಲೆಕ್ಕ ಎರಡಕ್ಕೂ ಸೇರಿದ್ದು. ಮುಂದಿನ ಜುಲೈ 1ಕ್ಕೆ ನಮ್ಮ ತಾಲ್ಲೂಕುಗಳಲ್ಲಿ ಪತ್ರಿಕಾ ದಿನ ಮಾಡುವವರು ಮಂಗಳೂರಿನ ಜೊತೆ ಬಳ್ಳಾರಿಯ ಹೆಸರನ್ನೂ ಹೇಳಲಿ. ಶಾಲೆಗಳಲ್ಲಿ ಮಕ್ಕಳಿಗೆ 1844ರ ಮಾರ್ಚ್ 1 ಕೂಡ ಒಂದು ತಾರೀಖು ಅಂತ ತಿಳಿಸಲಿ.