ಸೋತ ಮೊಕದ್ದಮೆಯಲ್ಲಿ ಗೆದ್ದ ಮುತ್ತಮ್ಮ

ಕೇಂದ್ರ ಸರ್ಕಾರದ ವಿರುದ್ಧ ಮಹಿಳಾ ರಾಯಭಾರಿಯೊಬ್ಬರು ಹೂಡಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 1979ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು. ಆದರೆ ತೀರ್ಪಿನಿಂದ ಮುಜುಗರಕ್ಕೆ ಒಳಗಾದದ್ದು ಸರ್ಕಾರವೇ. ಅರ್ಜಿದಾರರು ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ, ಕೊಡಗಿನ ಸಿ.ಬಿ. ಮುತ್ತಮ್ಮ.

1924ರ ಜನವರಿ 24ರಂದು ವಿರಾಜಪೇಟೆಯಲ್ಲಿ ಜನಿಸಿದ ಮುತ್ತಮ್ಮ ಅರಣ್ಯಾಧಿಕಾರಿಯಾಗಿದ್ದ ತಂದೆಯನ್ನು ಬಾಲ್ಯದಲ್ಲೇ ಕಳೆದುಕೊಂಡರು. ಮಕ್ಕಳನ್ನು ಓದಿಸುವ ಹೊಣೆ ತಾಯಿಯ ಹೆಗಲೇರಿತು. ಮಡಿಕೇರಿಯಲ್ಲಿ ಶಾಲಾ ಶಿಕ್ಷಣ ಪಡೆದ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್ ಎಂ.ಎ. ಪದವಿ ಗಳಿಸಿದರು. ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ 1949ರಲ್ಲಿ ವಿದೇಶಾಂಗ ಸೇವೆ ಸೇರಿದರು.

ಸಂದರ್ಶನ ಮಂಡಳಿಯು ಈ ಸೇವೆ ಹೆಣ್ಣಿಗೆ ತಕ್ಕುದಲ್ಲವೆಂದು ತಮ್ಮ ಮನವೊಲಿಸಲು ಯತ್ನಿಸಿತ್ತೆಂದು ಅವರು ಮುಂದೆ ಸ್ಮರಿಸಿಕೊಂಡಿದ್ದರು. ಮದುವೆಯಾದರೆ ರಾಜೀನಾಮೆ ನೀಡುವುದಾಗಿ ಸೇರುವಾಗಲೇ ಮುಚ್ಚಳಿಕೆ ಬರೆದುಕೊಡಬೇಕಾಯಿತು. ಜೊತೆಗೆ ಆಯ್ಕೆಯಾದ ಪುರುಷರಿಗೆ ಇಂಥ ಷರತ್ತು ಇರಲಿಲ್ಲ. ಮುತ್ತಮ್ಮ ಅವಿವಾಹಿತರಾಗಿಯೇ ಉಳಿದರು.

1950ರಲ್ಲಿ ಸಂವಿಧಾನ ಜಾರಿಯಾಗಿ ಸರ್ಕಾರಿ ಉದ್ಯೋಗದಲ್ಲಿ ಲಿಂಗಭೇದ ಸಲ್ಲದೆಂದು ಸಾರಿತು. ಆದರೂ 1961ರ ಸೇವಾ ನಿಯಮಗಳು ಹಳೆಯ ಜಾಡನ್ನೇ ಹಿಡಿದವು. ಮಹಿಳಾ ಅಧಿಕಾರಿ ಮದುವೆಗೆ ಮುನ್ನ ಲಿಖಿತ ಅನುಮತಿ ಪಡೆಯಬೇಕಿತ್ತು. ಸಂಸಾರದ ಹೊಣೆಯಿಂದ ಅವರ ದಕ್ಷತೆ ಕುಂದೀತೆಂದು ಸರ್ಕಾರಕ್ಕೆ ಮನವರಿಕೆಯಾದರೆ ರಾಜೀನಾಮೆ ಕೇಳಬಹುದಿತ್ತು. ವಿವಾಹಿತೆಗೆ ನೇಮಕಾತಿ ಹಕ್ಕಾಗಿ ದಕ್ಕುವುದಿಲ್ಲವೆಂದು ಇನ್ನೊಂದು ನಿಯಮ ಹೇಳುತ್ತಿತ್ತು.

1970ರಲ್ಲಿ ಹಂಗೇರಿಗೆ ನೇಮಕಗೊಂಡ ಮುತ್ತಮ್ಮ, ವಿದೇಶಾಂಗ ಸೇವೆಯೊಳಗಿಂದಲೇ ಬೆಳೆದು ರಾಯಭಾರಿಯಾದ ಮೊದಲ ಮಹಿಳೆ ಎನಿಸಿದರು. ಬಳಿಕ ಘಾನಾದಲ್ಲೂ ಸೇವೆ ಸಲ್ಲಿಸಿದರು. ಆದರೆ ಅತ್ಯುನ್ನತ ಶ್ರೇಣಿಯ ಬಡ್ತಿ ಬಂದಾಗ ಕಿರಿಯರು ಅವರನ್ನು ದಾಟಿ ಮುಂದೆ ಹೋದರು. ಅರ್ಹತೆ ಸಾಲದೆಂಬುದು ಸರ್ಕಾರ ಕೊಟ್ಟ ಕಾರಣ. ಇದು ಹೆಣ್ಣೆಂಬ ಕಾರಣಕ್ಕೆ ಆದ ತಾರತಮ್ಯವೆಂಬುದು ಮುತ್ತಮ್ಮನವರ ವಾದ. ಸೇವೆಯಲ್ಲಿದ್ದುಕೊಂಡೇ ಅವರು ನ್ಯಾಯಾಲಯದ ಮೆಟ್ಟಿಲೇರಿದರು.

ವಿಚಾರಣೆ ಬಾಕಿ ಇರುವಾಗಲೇ ಸರ್ಕಾರ ಬಡ್ತಿ ನೀಡಿತು. ವಿವಾಹಿತೆಯರ ನೇಮಕಾತಿ ನಿಯಮವನ್ನು 1973ರಲ್ಲೇ ಕೈಬಿಡಲಾಗಿದೆ, ಮದುವೆಗೆ ಅನುಮತಿಯ ನಿಯಮವನ್ನೂ ತೆಗೆಯಲಾಗುತ್ತಿದೆ ಎಂದು ತಿಳಿಸಿತು. ಹೀಗಾಗಿ ಅರ್ಜಿ ವಜಾ ಆಯಿತು. ಆದರೆ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ನೇತೃತ್ವದ ಪೀಠ ಅಷ್ಟಕ್ಕೇ ನಿಲ್ಲಲಿಲ್ಲ. ಸಂಸಾರದ ಹೊಣೆ ಹೆಣ್ಣಿನ ದಕ್ಷತೆಗೆ ಅಡ್ಡಿಯಾಗುವುದಾದರೆ ಗಂಡಿಗೂ ಆಗಬಹುದಲ್ಲವೇ ಎಂಬ ತರ್ಕವನ್ನು ಮುಂದಿಟ್ಟಿತು. ಜ್ಯೇಷ್ಠತೆಯನ್ನು ಮರುಪರಿಶೀಲಿಸುವಂತೆ, ಸೇವಾ ನಿಯಮಗಳಲ್ಲಿನ ಲಿಂಗ ತಾರತಮ್ಯದ ಕಲೆಯನ್ನು ತೊಡೆಯುವಂತೆ ಸೂಚಿಸಿತು.

ನೆದರ್‌ಲ್ಯಾಂಡ್ಸ್‌ನಲ್ಲೂ ರಾಯಭಾರಿಯಾಗಿದ್ದ ಮುತ್ತಮ್ಮ 1982ರಲ್ಲಿ ನಿವೃತ್ತರಾದರು. ನಿಶ್ಶಸ್ತ್ರೀಕರಣ ಕುರಿತ ಅಂತರರಾಷ್ಟ್ರೀಯ ಪಾಲ್ಮೆ ಆಯೋಗದ ಸದಸ್ಯರಾಗಿದ್ದರು, ಕೊಡವ ಅಡುಗೆಯ ಬಗ್ಗೆಯೂ ಪುಸ್ತಕ ಬರೆದರು. 2009ರ ಅಕ್ಟೋಬರ್ 14ರಂದು ತಮ್ಮ 85ನೇ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ನಿಧನರಾದರು.

ಅವರು ಸೇವೆಗೆ ಸೇರಿ 52 ವರ್ಷಗಳ ನಂತರ, 2001ರಲ್ಲಿ, ಚೋಕಿಲಾ ಅಯ್ಯರ್ ದೇಶದ ಮೊದಲ ಮಹಿಳಾ ವಿದೇಶಾಂಗ ಕಾರ್ಯದರ್ಶಿಯಾದರು. ಅಷ್ಟರಲ್ಲಿ ಮದುವೆಯ ಮುಚ್ಚಳಿಕೆ ಇತಿಹಾಸ ಸೇರಿತ್ತು. ನಿಯಮ ಪುಸ್ತಕದಲ್ಲಿ ಬರೆದಿದ್ದ ತಾರತಮ್ಯವನ್ನು ಅಳಿಸಬಹುದು. ಬಡ್ತಿ ಸಮಿತಿಯ ಮನಸ್ಸಿನಲ್ಲಿ ಉಳಿದಿರುವುದನ್ನು ಸಾಬೀತುಪಡಿಸುವುದೇ ಕಷ್ಟ. ಮುತ್ತಮ್ಮ ಇವೆರಡನ್ನೂ ಒಂದೇ ಅರ್ಜಿಯಲ್ಲಿ ಪ್ರಶ್ನಿಸಿದ್ದರು.