ಶಿಶುಗಳಿಂದ ಕಲಿತ ತಾಯಿ: ಡಾ. ಮರಿಯಾ ಮಾಂಟೆಸ್ಸರಿ

ನಮ್ಮ ಧರ್ಮಕೇಂದ್ರದ ಶಿಶುವಿಹಾರಕ್ಕೆ ಮಕ್ಕಳನ್ನು ಕಳುಹಿಸುವ ತಂದೆತಾಯಂದಿರಿಂದ ವರ್ಷಂಪ್ರತಿ ನಾವು ಕೇಳುವ ದೂರೊಂದಿದೆ. ಮಗು ಅಲ್ಲಿ ಬರೇ ಆಡಿ ಬರುತ್ತದೆ, ಅಕ್ಷರ ಕಲಿತು ಬರುವುದಿಲ್ಲವೆಂದು. ಯಾಜಕರಾದ ಹೊಸತರಲ್ಲಿ ನಮ್ಮ ಅಭಿಪ್ರಾಯವೂ ಇದಕ್ಕಿಂತ ಭಿನ್ನವಾಗಿರಲಿಲ್ಲ. ಧರ್ಮೋಪದೇಶದ ತರಗತಿಯಲ್ಲಿ ಕೈಕಟ್ಟಿ ಕುಳಿತು ಪ್ರಶ್ನೋತ್ತರಗಳನ್ನು ಒಪ್ಪಿಸುವ ಮಗುವೇ ಜಾಣ ಮಗುವೆಂದು ನಂಬಿದ್ದೆವು. ಆ ನಂಬಿಕೆಯನ್ನು ಸಡಿಲಿಸಿದ ಕಥೋಲಿಕ ಮಹಿಳೆಯೊಬ್ಬರ ಜೀವನವನ್ನು ಈ ಶತಮಾನೋತ್ಸವದ ಸಂಚಿಕೆಯಲ್ಲಿ ಸ್ಮರಿಸಬಯಸುತ್ತೇವೆ.

ಮರಿಯಾ ಮಾಂಟೆಸ್ಸರಿಯವರು ಇಟಲಿಯ ಕಿಯಾರವಲ್ಲೆ ಎಂಬ ಊರಿನಲ್ಲಿ 1870ರ ಆಗಸ್ಟ್ 31ರಂದು ಜನಿಸಿದರು. ಅಪೊಸ್ತಲಿಕ ಕಾರ್ಮೆಲ್ ಸಭೆಯ ಭಗಿನಿಯರು ಫ್ರಾನ್ಸಿನಿಂದ ಮಂಗಳೂರಿಗೆ ಬಂದು ಸಂತ ಆನ್ನರ ಕಾನ್ವೆಂಟಿನಲ್ಲಿ ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೆ ಕೈಹಾಕಿದ್ದೂ ಅದೇ ವರ್ಷ. ಹೆಣ್ಣೊಬ್ಬಳು ವೈದ್ಯೆಯಾಗುವುದೇ ವಿಚಿತ್ರವೆನಿಸಿದ್ದ ಆ ಕಾಲದಲ್ಲಿ, 1896ರಲ್ಲಿ, ಅವರು ರೋಮ್ ವಿಶ್ವವಿದ್ಯಾನಿಲಯದಿಂದ ವೈದ್ಯಕೀಯ ಪದವಿ ಪಡೆದರು. ಬುದ್ಧಿಮಾಂದ್ಯರೆಂದು ಸಮಾಜವು ಕೈಬಿಟ್ಟಿದ್ದ ಮಕ್ಕಳ ಆರೈಕೆಯಲ್ಲಿ ತೊಡಗಿದಾಗ, ಅವರಿಗೆ ಬೇಕಾದುದು ಔಷಧಕ್ಕಿಂತ ಹೆಚ್ಚಾಗಿ ಕೈಗೆ ಕೆಲಸ ಎಂಬುದನ್ನು ಕಂಡುಕೊಂಡರು.

1907ರ ಜನವರಿ 6, ಮೂರು ರಾಯರ ಹಬ್ಬದ ದಿನ, ರೋಮಿನ ಸಾನ್ ಲೊರೆನ್ಜೊ ಎಂಬ ಬಡವರ ಕೇರಿಯಲ್ಲಿ ಅವರ ಮೊದಲ ಮಕ್ಕಳ ಮನೆ ತೆರೆಯಿತು. ತಂದೆತಾಯಿ ಕೂಲಿಗೆ ಹೋದ ಮೇಲೆ ಮೆಟ್ಟಿಲು ಗೋಡೆಗಳನ್ನು ಹಾಳುಗೆಡಹುತ್ತಿದ್ದ ಪುಟ್ಟ ಮಕ್ಕಳನ್ನು ಒಂದು ಕಡೆ ಹಿಡಿದಿಡುವುದಷ್ಟೇ ಕಟ್ಟಡದವರ ಉದ್ದೇಶವಾಗಿತ್ತು. ಮಾಂಟೆಸ್ಸರಿಯವರಾದರೋ ಆ ಮಕ್ಕಳ ಮುಂದೆ ಮರದ ದಿಮ್ಮಿಗಳನ್ನಿಟ್ಟು ದೂರ ಕುಳಿತು ನೋಡಿದರು. ಒಂದೊಂದು ದಿಮ್ಮಿಯಲ್ಲಿ ಹತ್ತು ಗುಳಿಗಳು, ಹತ್ತು ಉರುಳೆಗಳು. ಪ್ರತಿಯೊಂದು ಉರುಳೆಗೂ ಅದರದೇ ಗುಳಿ. ಒಂದನ್ನು ತಪ್ಪಿ ಇಟ್ಟರೆ ಕೊನೆಯ ಉರುಳೆಗೆ ಜಾಗ ಸಿಗದು. ಗದರುವವರಿಲ್ಲ, ವಸ್ತುವೇ ತಪ್ಪನ್ನು ತೋರಿಸುತ್ತದೆ, ಮಗುವೇ ಯೋಚಿಸಿ ತಿದ್ದಿಕೊಳ್ಳುತ್ತದೆ. ಸುಮಾರು ಮೂರು ವರ್ಷದ ಹುಡುಗಿಯೊಬ್ಬಳು ಸುತ್ತಲಿನ ಗದ್ದಲದ ಪರಿವೆಯೇ ಇಲ್ಲದೆ ಇದನ್ನು ನಲವತ್ತಕ್ಕೂ ಹೆಚ್ಚು ಬಾರಿ ಬಿಚ್ಚಿ ಜೋಡಿಸಿದಳಂತೆ. ನಮ್ಮ ಅಜ್ಜಿಯಂದಿರ ಚೆನ್ನೆಮಣೆಯನ್ನು ಬಲ್ಲವರಿಗೆ ಇದು ತೀರ ಹೊಸತಲ್ಲ. 14 ಗುಳಿಗಳಿಗೆ ನಾಲ್ಕು ನಾಲ್ಕರಂತೆ ಮಂಜೊಟ್ಟಿ ಕಾಳು ತುಂಬಿಸುವಾಗ ಲೆಕ್ಕ ತಪ್ಪಿದರೆ, ಕಾಳು ಉಳಿದೋ ಸಾಲದೆಯೋ ಮಣೆಯೇ ಅದನ್ನು ತಿಳಿಸುತ್ತಿತ್ತಲ್ಲವೆ! ನಾವು ಆಟವೆನ್ನುವುದನ್ನು ಅವರು ಮಗುವಿನ ಕೆಲಸವೆಂದೇ ಕರೆದರು. ದೊಡ್ಡವರ ಕೆಲಸಕ್ಕೆ ಸಲ್ಲುವ ಗೌರವವನ್ನೇ ಅದಕ್ಕೂ ಸಲ್ಲಿಸಿದರು.

ಇದೇ ಮಾರ್ಗವನ್ನು ಅವರು ದೇವಾಲಯಕ್ಕೂ ತಂದರು. ಸ್ಪೇನಿನ ಬಾರ್ಸಿಲೋನಾದ ಶಾಲೆಯಲ್ಲಿ ಮಕ್ಕಳ ಅಳತೆಗೆ ತಕ್ಕ ಪೀಠೋಪಕರಣಗಳುಳ್ಳ ಪ್ರಾರ್ಥನಾಲಯವಿತ್ತು. ಮಕ್ಕಳೇ ಗೋಧಿ ಬಿತ್ತಿ, ದ್ರಾಕ್ಷಿಯ ಬಳ್ಳಿಗೆ ನೀರೆರೆದು, ಬಲಿಪೂಜೆಯ ರೊಟ್ಟಿ ಮತ್ತು ದ್ರಾಕ್ಷಾರಸ ಎಲ್ಲಿಂದ ಬರುತ್ತವೆಂಬುದನ್ನು ಕೈಯಾರೆ ಅರಿತರು. ಮೊಂತಿ ಹಬ್ಬದಲ್ಲಿ ಕನ್ಯಾಮಾತೆಗೆ ಹೂವೆರಚಿ, ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೊಯ್ಯುವ ನಮ್ಮ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಈ ಅನುಭವವನ್ನು ಆಧರಿಸಿ 1922ರಲ್ಲಿ ಅವರ ಪುಸ್ತಕವೊಂದು ಪ್ರಕಟವಾಯಿತು.

ಅವರ ಬಾಳಿನಲ್ಲೊಂದು ಗಾಯವಿತ್ತು. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ವಿವಾಹವಿಲ್ಲದೆ 1898ರಲ್ಲಿ ಅವರಿಗೆ ಮಾರಿಯೊ ಎಂಬ ಮಗ ಹುಟ್ಟಿದ್ದ. ಲೋಕನಿಂದೆಗೆ ಅಂಜಿ ಮಗುವನ್ನು ಹಳ್ಳಿಯೊಂದರಲ್ಲಿ ಪರರ ಮನೆಯಲ್ಲಿ ಬೆಳೆಸಬೇಕಾಯಿತು. ಸಾವಿರಾರು ಮಕ್ಕಳಿಗೆ ತಾಯಿಯಾದವರು ತಮ್ಮ ಕರುಳ ಕುಡಿಯನ್ನು ಮಗನೆಂದು ಬಹಿರಂಗವಾಗಿ ಕರೆಯಲಾರದೆ ಹೋದರು. ಹದಿಹರೆಯದಲ್ಲಿ ಆತ ತಾಯಿಯ ಬಳಿಗೆ ಬಂದ ಮೇಲೂ ಬಂಧುವೆಂದೋ ದತ್ತುಪುತ್ರನೆಂದೋ ಪರಿಚಯಿಸುವುದೇ ರೂಢಿಯಾಯಿತು. ಅವರ ಮೇಲೆ ಕಲ್ಲೆಸೆಯುವ ಮನಸ್ಸು ನಮಗಿಲ್ಲ. ಅಂಥ ತಾಯಂದಿರನ್ನು ಭಯಕ್ಕೆ ದೂಡಿದವರಲ್ಲಿ ಪೂಜಾಪೀಠದಿಂದ ಕಟುವಾಗಿ ಮಾತನಾಡಿದ ನಮ್ಮಂಥವರೂ ಇದ್ದೇವೆ.

ಮುಸ್ಸೊಲಿನಿಯ ಆಡಳಿತದೊಡನೆ ಮನಸ್ತಾಪವಾಗಿ 1934ರಲ್ಲಿ ಇಟಲಿ ಬಿಟ್ಟರು. ಅಂತರ್ಯುದ್ಧದಿಂದ 1936ರಲ್ಲಿ ಸ್ಪೇನನ್ನೂ ಬಿಡಬೇಕಾಯಿತು. 1939ರಲ್ಲಿ ಥಿಯೊಸಾಫಿಕಲ್ ಸೊಸೈಟಿಯವರ ಆಮಂತ್ರಣದ ಮೇರೆಗೆ ಮಗನೊಡನೆ ಮದರಾಸಿನ ಅಡ್ಯಾರಿಗೆ ಬಂದರು. ಕಥೋಲಿಕರಾದ ನಾವು ಅವರನ್ನು ಮೊದಲು ಆಮಂತ್ರಿಸಲಿಲ್ಲವೆಂಬ ನಾಚಿಕೆ ನಮಗುಂಟು. ಅಲ್ಲಿ ತಾಳೆಗರಿಯ ಚಪ್ಪರಗಳಡಿಯಲ್ಲಿ ಸುಮಾರು 300 ಮಂದಿ ಶಿಕ್ಷಕರು ಅವರಿಂದ ತರಬೇತಿ ಪಡೆದರು. 1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕಿಳಿದಾಗ ಬ್ರಿಟಿಷ್ ಸರಕಾರವು ಮಾರಿಯೊರನ್ನು ಬಂಧನ ಶಿಬಿರಕ್ಕೆ ಕಳುಹಿಸಿತು. ತಾಯಿಯ 70ನೆಯ ಹುಟ್ಟುಹಬ್ಬಕ್ಕೆ ವೈಸರಾಯರಿಂದ ತಂತಿ ಬಂತು. ಉಡುಗೊರೆಯಾಗಿ ಅವರ ಮಗನನ್ನು ಬಿಡುಗಡೆ ಮಾಡಲಾಗಿದೆ ಎಂಬುದು ಅದರ ಸಾರಾಂಶ. ಮಗನೆಂದೇ ಬರೆದಿತ್ತು. ನಾಲ್ವತ್ತೆರಡು ವರ್ಷ ಮರೆಯಲ್ಲಿದ್ದ ಸಂಬಂಧಕ್ಕೆ ಪರದೇಶದ ಅಧಿಕಾರಿಯೊಬ್ಬರ ತಂತಿಯಿಂದ ಮನ್ನಣೆ ದೊರೆಯಿತು.

ಅನಂತರ ಕೊಡೈಕನಾಲಿನಲ್ಲಿ ಎರಡು ವರ್ಷ ಮಕ್ಕಳೊಡನೆ ಕಳೆದರು. ಯುದ್ಧ ಮುಗಿದ ಮೇಲೆ 1946ರಲ್ಲಿ ಯುರೋಪಿಗೆ ಹಿಂದಿರುಗಿ, ಮರುವರ್ಷವೇ ಪುನಃ ಭಾರತಕ್ಕೆ ಬಂದು 1949ರವರೆಗೆ ದುಡಿದರು. 1952ರ ಮೇ 6ರಂದು ಹಾಲೆಂಡಿನ ನೂರ್ಡ್‌ವೈಕ್‌ನಲ್ಲಿ ತೀರಿಕೊಂಡರು. ಅಲ್ಲಿನ ಕಥೋಲಿಕ ಶ್ಮಶಾನದಲ್ಲೇ ಅವರ ಸಮಾಧಿಯಿದೆ. ಅವರು ಬರೆದಿಟ್ಟ ಮರಣಪತ್ರದಲ್ಲಿ ಮಾರಿಯೊರನ್ನು ತಮ್ಮ ಮಗನೆಂದು ಹೆಸರಿಸಿದ್ದರು.